ಮಳೆ ಕಣಕುಂಬಿಯಲ್ಲಿ, ಹೊಳೆ ನಮ್ಮ ಹೊಲದಲ್ಲಿ

ಕೇಳುಗರಿಗೆ ನಮಸ್ಕಾರ. ಬಾದಾಮಿ, ಹುನಗುಂದ ಸೀಮೆಯ ಹೊಳೆದಂಡೆಯ ರೈತಬಾಂಧವರೇ, ಈ ಮಾತು ವಿಶೇಷವಾಗಿ ನಿಮಗೆ. ಮಲಪ್ರಭೆ ತುಂಬುವುದು ನಮ್ಮೂರ ಮಳೆಯಿಂದಲ್ಲ, ಘಟ್ಟದ ಮಳೆಯಿಂದ.

ಈ ನದಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸುಮಾರು 790 ಮೀಟರ್ ಎತ್ತರದಲ್ಲಿ. ಅರಬ್ಬಿ ಸಮುದ್ರ ಅಲ್ಲಿಂದ ನೇರ ಅಳತೆಯಲ್ಲಿ 50 ಕಿಲೋಮೀಟರ್ ಆಸುಪಾಸು. ಅದೇ ತಾಲ್ಲೂಕಿನ ಮಹದಾಯಿ ಪಡುವಣಕ್ಕೆ ಧುಮುಕಿ ಪಣಜಿಯ ಬಳಿ ಕಡಲು ಸೇರುತ್ತದೆ. ಮಲಪ್ರಭೆ ಮೂಡಣಕ್ಕೆ ಹೊರಡುತ್ತದೆ. ಘಟ್ಟದ ಪಡುವಣ ಮೈ ಕಡಿದು, ಮೂಡಣ ಮೈ ಮಾತ್ರ ನಿಧಾನದ ಇಳಿಜಾರು. ನವಿಲುತೀರ್ಥದ ಅಣೆಕಟ್ಟು, ರಾಮದುರ್ಗ, ಪಟ್ಟದಕಲ್ಲು, ಐಹೊಳೆ ದಾಟಿ ಕೂಡಲಸಂಗಮ ಮುಟ್ಟುವಾಗ 300 ಕಿಲೋಮೀಟರ್ ಹರಿದಿರುತ್ತದೆ, ಇಳಿದದ್ದು ಹತ್ತಿರ ಹತ್ತಿರ 300 ಮೀಟರ್ ಅಷ್ಟೇ. ಇಂಥ ಸಪಾಟು ನೆಲದಲ್ಲಿ ಹೆಚ್ಚಾದ ನೀರು ಅಗಲಕ್ಕೆ ಹರಡದೆ ಇನ್ನೇನು ಮಾಡೀತು?

2019ರ ಆಗಸ್ಟ್ ನೆನಪಿದೆಯಲ್ಲ? ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ಹೊಳೆ ನುಗ್ಗಿತ್ತು. ನೀರು ಇಳಿದ ಮೇಲೆ ಆ ಭಾಗದ ಹಳ್ಳಿಯೊಂದಕ್ಕೆ ಹೋಗಿದ್ದೆ. ಕಪ್ಪು ಮಣ್ಣಿನ ಎರೆ ಹೊಲದ ಮೇಲೆ ಬೆರಳುದ್ದ ಕೆಂಪು ರಾಡಿ ಕೂತಿತ್ತು. ಗೋವಿನಜೋಳದ ದಂಟುಗಳೆಲ್ಲ ಹರಿವಿನ ದಿಕ್ಕಿಗೇ ಬಾಗಿದ್ದವು, ತುದಿಯಲ್ಲಿ ಕಸಕಡ್ಡಿ ಸುತ್ತಿಕೊಂಡಿತ್ತು. ಬದುವಿನ ಮೇಲೆ ಕೂತಿದ್ದ ಅಜ್ಜ ಕೇಳಿದರು: “ಗುರುಗಳೇ, ನಮ್ಮಲ್ಲಿ ಬಿದ್ದದ್ದು ಜಿಟಿಜಿಟಿ ಮಳೆ. ಇಷ್ಟು ನೀರು ಎಲ್ಲಿಂದ ಬಂತು?” ನಾನು ಆ ರಾಡಿಯನ್ನೇ ಹಿಡಿತುಂಬ ಎತ್ತಿ, “ಅಜ್ಜಾ, ಇದು ನಿಮ್ಮ ಹೊಲದ ಮಣ್ಣೇ?” ಎಂದೆ. ಅವರು ಬೆರಳಲ್ಲಿ ತಿಕ್ಕಿ ನೋಡಿ, “ಅಲ್ಲ, ಮೇಲಿನ ಸೀಮೆಯದು” ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ನೆನಪಿಸಿಕೊಂಡರು: ಅವರ ಅಪ್ಪ ಪಡುವಣದಲ್ಲಿ ರಾತ್ರಿಯಿಡೀ ಮಿಂಚಿದರೆ ಬೆಳಗಾಗುವುದರೊಳಗೆ ಎತ್ತುಗಳನ್ನು ದಿಬ್ಬಕ್ಕೆ ಹೊಡೆಯುತ್ತಿದ್ದರಂತೆ. ಆ ತಿಳಿವಳಿಕೆ ಈಗ ಎಲ್ಲಿ ಹೋಯಿತು? ಮೊಬೈಲಿನಲ್ಲಿ ನಮ್ಮೂರ ಹವಾಮಾನವನ್ನಷ್ಟೇ ನೋಡಿ ನಿಶ್ಚಿಂತರಾಗಿ ಮಲಗುತ್ತೇವೆ. ಖಾನಾಪುರದ್ದನ್ನು ನೋಡಿ ಎಂದು ಎಷ್ಟು ಸಲ ಹೇಳುವುದು!

ಸಮಯ ಮುಗಿಯುತ್ತ ಬಂತು. ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡಿದ ನೀರು ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ ದಾಟಿ ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ಅಲ್ಲಿನ ಮುಖಜ ಭೂಮಿಯ, ಅಂದರೆ ಹೊಳೆ ಕಡಲು ಸೇರುವಲ್ಲಿ ತಂದು ಹಾಸಿದ ಮಣ್ಣಿನ ನೆಲದ, ಭತ್ತದ ಗದ್ದೆಗಳಿಗೂ ಘಟ್ಟದ ಮಳೆ ಆಸರೆ. ಅದರ ವಿವರ ಇನ್ನೊಮ್ಮೆ.

ಖಾನಾಪುರದಲ್ಲಿ ಬಿರುಮಳೆ ಎಂದು ಸುದ್ದಿ ಬಂದರೆ, ನವಿಲುತೀರ್ಥದಿಂದ ನೀರು ಬಿಡುವ ಪ್ರಕಟಣೆಗೆ ಕಾಯಬೇಡಿ. ದಂಡೆಯ ಪಂಪ್‌ಸೆಟ್ಟುಗಳನ್ನು ಅಂದೇ ಬಿಚ್ಚಿ ಮೇಲಕ್ಕೆ ತನ್ನಿ, ದನಕರುಗಳನ್ನು ಹೊಳೆಬದಿಯ ಕೊಟ್ಟಿಗೆಯಲ್ಲಿ ಕಟ್ಟಬೇಡಿ. ನಮಸ್ಕಾರ.