ಕರ್ಣನ ಬೆನ್ನು ಹತ್ತಿದ ಮೂವರು

ಕೇಳುಗರೆಲ್ಲರಿಗೂ ನಮಸ್ಕಾರ. ಹಳೇ ಕವಿಗಳ ಬಗ್ಗೆ ಮಾತಾಡಿ ಅಂದ್ರು, ಸಾವಿರ ವರ್ಷದ ಕವಿಗಳನ್ನೆಲ್ಲ ಇಷ್ಟು ಹೊತ್ತಲ್ಲಿ ಹೇಳೋಕೆ ಹೋದ್ರೆ ಸ್ಕೂಲಲ್ಲಿ ಹಾಜರಿ ಕೂಗಿದ ಹಾಗಾಗುತ್ತೆ, ಅದಕ್ಕೆ ನಾನು ಕರ್ಣನ ಕೈ ಹಿಡ್ಕೊಂಡು ಹೊರಡ್ತೀನಿ.

ಮೊದಲು ಪಂಪ. 941ರ ಸುಮಾರಿಗೆ ಮಹಾಭಾರತದ ಕಥೆನ ವಿಕ್ರಮಾರ್ಜುನ ವಿಜಯ ಅಂತ ಬರೆದ, ಅದೂ ಆರೇ ತಿಂಗಳಲ್ಲಿ ಮುಗಿಸಿದೆ ಅಂತ ತಾನೇ ಹೇಳ್ಕೊಂಡಿದ್ದಾನೆ. ಆಶ್ರಯ ಕೊಟ್ಟಿದ್ದು ವೇಮುಲವಾಡದ ದೊರೆ ಅರಿಕೇಸರಿ, ಹಾಗಾಗಿ ಕಾವ್ಯದ ಹೀರೋ ಅರ್ಜುನ, ಆ ಅರ್ಜುನನೇ ಅರಿಕೇಸರಿ. ಬಾಸನ್ನ ಹೊಗಳೋ ಕೆಲಸ ಅಂತಲೇ ಇಟ್ಕೊಳ್ಳಿ, ಅದಕ್ಕೆ ಧರ್ಮಪುರ ಅನ್ನೋ ಅಗ್ರಹಾರ ಇನಾಮಾಗೂ ಸಿಕ್ತು. ಆದ್ರೆ ಅದೇ ಅರ್ಜುನನ ಬಾಣಕ್ಕೆ ಕರ್ಣ ಬಿದ್ದ ಜಾಗದಲ್ಲಿ ಪಂಪ ಏನಂತಾನೆ ಗೊತ್ತಾ? "ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನೊಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ". ಮಹಾಭಾರತದಲ್ಲಿ ಬೇರೆ ಯಾರನ್ನೂ ನೆನೀಬೇಡಣ್ಣ, ನೆನೆಯೋದಾದ್ರೆ ಕರ್ಣನ್ನ ನೆನಿ ಅಂತ! ಅರಿಕೇಸರಿ ಇದನ್ನ ಕೇಳ್ತಾ ಹೇಗೆ ಕೂತಿದ್ನೋ, ನಂಗಂತೂ ಆ ಮುಖ ನೋಡೋ ಆಸೆ.

ಆಮೇಲೆ ರನ್ನ, ಮುಧೋಳದ ಬಳೆಗಾರರ ಮನೆ ಹುಡುಗ. ಗದಾಯುದ್ಧ ಅನ್ನೋ ಕಾವ್ಯದಲ್ಲಿ ಇವನದ್ದೂ ಅದೇ ಕಥೆ, ದೊರೆ ಸತ್ಯಾಶ್ರಯನೇ ಭೀಮ, ಆದ್ರೆ ಓದಿ ಮುಗಿಸಿದ ಮೇಲೆ ನಮ್ಮ ಮನಸ್ಸಲ್ಲಿ ಉಳಿಯೋನು ದುರ್ಯೋಧನ. ಹೆಣಗಳ ಮಧ್ಯೆ ನಡ್ಕೊಂಡು ಹೋಗ್ತಾ ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು, ನಿನ್ನ ಸಾಹಸದ ಒಂದು ಪಾಲಿನಷ್ಟಾದ್ರೂ ಇರೋ ಸಾವು ನಂಗೆ ಬರಲಿ ಅಂತ ಬೇಡ್ಕೋತಾನೆ. ಇನ್ನು ಕರ್ಣನ ಹೆಣದ ಮುಂದೆ ಅಂತೂ, ನೀನು ಯಾರ ಮಗ ಅಂತ ನಂಗೆ ಗೊತ್ತಿತ್ತು ಕಣೋ ಅನ್ನೋ ಅರ್ಥದ ಮಾತಾಡ್ತಾನೆ. ಗೊತ್ತಿದ್ದೂ ಸುಮ್ನಿದ್ದ ಅಂದ್ರೆ ಆ ಸ್ನೇಹ ಎಂಥದ್ದು, ಇಲ್ಲಾ ಆ ಸ್ವಾರ್ಥ ಎಂಥದ್ದು ನೋಡಿ, ನಾನಿನ್ನೂ ತೀರ್ಮಾನ ಮಾಡಿಲ್ಲ.

ಗದುಗಿನ ಕುಮಾರವ್ಯಾಸನಿಗೆ ರಾಜರ ಗೊಡವೆನೇ ಇಲ್ಲ, ಊರ ದೇವರು ವೀರನಾರಾಯಣನೇ ಕವಿ, ನಾನು ಬರೀ ಲಿಪಿಕಾರ ಅಂತಾನೆ, ಮರುಕ್ಷಣವೇ ಹಲಗೆ ಬಳಪ ಹಿಡೀದೆ, ಒಂದು ಪದಾನೂ ಅಳಿಸದೆ ಬರೆಯೋನು ಅಂತ ಜಂಬಾನೂ ಕೊಚ್ಕೋತಾನೆ. ಇವನ ಭಾರತದಲ್ಲಿ ಕೃಷ್ಣ ಹುಟ್ಟಿನ ಗುಟ್ಟು ಹೇಳಿದಾಗ ಕರ್ಣನ ಕೊರಳ ಸೆರೆ ಉಬ್ಬುತ್ತೆ, ಕಣ್ಣಲ್ಲಿ ನೀರು ತುಂಬುತ್ತೆ. ಆಮೇಲೆ ಅವನು ಕೊಡೋ ಉತ್ತರಾನ ಕಾವ್ಯನ ರಾಗವಾಗಿ ಓದೋ ಗಮಕಿಗಳ ಬಾಯಲ್ಲೇ ಕೇಳಬೇಕು, ನನ್ನ ಗಂಟಲಿಗೆ ಆಗೋದಲ್ಲ, ಆದ್ರೂ ಓದ್ತೀನಿ: "ಮರುಳು ಮಾಧವ ಮಹಿಯ ರಾಜ್ಯದ ಸಿರಿಗೆ ಸೋಲುವನಲ್ಲ". ನಿಂಗೆಲ್ಲೋ ಮರುಳು ಕೃಷ್ಣ, ಈ ಭೂಮಿಯ ರಾಜ್ಯದ ಸಿರಿಗೆಲ್ಲ ನಾನು ಸೋಲೋನಲ್ಲ ಅಂತ.