ಕಾರ್ಬನ್ ಸೈಕಲ್ಲನ್ನು ತಟ್ಟಿ ನೋಡುವುದು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಸೈಕಲ್ ಬಿಟ್ಟು ಇಲ್ಲಿ ಕುರ್ಚಿಯಲ್ಲಿ ಕೂತಿದ್ದೀರಿ. ಅದಕ್ಕೇ ನಿಮಗೊಂದು ಥ್ಯಾಂಕ್ಸ್.

ನಾನು ಮೊದಲ ಸಲ ಕಾರ್ಬನ್ ಸೈಕಲ್ ಮನೆಗೆ ತಂದಾಗ ಅಪ್ಪ ಅದನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು. "ಪ್ಲಾಸ್ಟಿಕ್ಕಾ?" ಅಂದರು. ಅವರದು ಕಬ್ಬಿಣದ ಸೈಕಲ್ಲು. ಹಿಂದೆ ಕ್ಯಾರಿಯರ್ ಮೇಲೆ ಒಂದು ಮೂಟೆ ರಾಗಿ, ಮುಂದೆ ಬಾರ್ ಮೇಲೆ ನಾನು. ಅದನ್ನು ತುಳಿದವರಿಗೆ ಎಂಟು ಕೆಜಿ ಸೈಕಲ್ಲನ್ನು ನಂಬಿ ಅಂದರೆ ಹೇಗೆ ನಂಬುತ್ತಾರೆ? ನನಗೂ ಪೂರ್ತಿ ನಂಬಿಕೆ ಇರಲಿಲ್ಲ, ಸುಮ್ನೆ ಯಾಕೆ ಸುಳ್ಳು ಹೇಳಲಿ. ನಂದಿ ಬೆಟ್ಟ ಇಳಿಯುವಾಗ ಕಾಲ ನಡುವಿನ ಪೈಪಿನ ಗೋಡೆ ಒಂದು ಮಿಲಿಮೀಟರ್ ಆಸುಪಾಸು ದಪ್ಪ ಅನ್ನುವುದು ನೆನಪಾದರೆ, ಯಾರ ಬೆರಳಾದರೂ ಬ್ರೇಕ್ ಹುಡುಕುತ್ತದೆ, ಅಲ್ವಾ?

ಅಪ್ಪ ಕೇಳಿದ್ದರಲ್ಲಿ ಅರ್ಧ ನಿಜ ಇತ್ತು. ಸ್ವೆಟರ್ ಹೆಣೆಯುವ ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್ ನೂಲು ಇದೆಯಲ್ಲ, ಅದರ ಹತ್ತಿರದ ನೆಂಟನೇ ಕಾರ್ಬನ್ ಎಳೆಯ ಕಚ್ಚಾ ಮಾಲು. ಅದನ್ನು ಮೊದಲು 200ರಿಂದ 300 ಡಿಗ್ರಿಯಲ್ಲಿ ಹದವಾಗಿ ಕಾಯಿಸುತ್ತಾರೆ. ಆಮೇಲೆ ಆಮ್ಲಜನಕ ಸೋಕದ ಹಾಗೆ 1000 ಡಿಗ್ರಿ ದಾಟಿಸುತ್ತಾರೆ. ಕೊನೆಗೆ ಉಳಿಯುವುದು ಹೆಚ್ಚುಕಮ್ಮಿ ಬರೀ ಇಂಗಾಲದ ಎಳೆ, ತಲೆಗೂದಲಿನ ಹತ್ತನೇ ಒಂದು ಪಾಲು ದಪ್ಪ. ಜಪಾನಿನ ಟೋರೆ ಕಂಪನಿಯ ಟಿ700 ಅನ್ನುವ ಎಳೆಯನ್ನು ತೆಗೆದುಕೊಳ್ಳಿ. ಒಂದು ಚದರ ಮಿಲಿಮೀಟರ್ ಆಗುವಷ್ಟು ಕಟ್ಟು ಸೇರಿಸಿದರೆ ಸುಮಾರು 500 ಕೆಜಿ ಎಳೆತ ತಡೆಯುತ್ತದೆ. ಎಳೆಗಳನ್ನು ಹಿಡಿದಿಡುವ ಎಪಾಕ್ಸಿ ಅಂಟು ಸೇರಿದ ಮೇಲೆ ಆ ಲೆಕ್ಕ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಇಳಿದರೂ ಜಾಸ್ತಿಯೇ. ಇದೇ ಜಾತಿಯ ವಸ್ತುವಿನ ರೆಕ್ಕೆ ಹೊತ್ತು ತೇಜಸ್ ವಿಮಾನ 2001ರ ಜನವರಿ 4ರಂದು ನಮ್ಮ ಬೆಂಗಳೂರಿನಲ್ಲೇ ಮೊದಲ ಸಲ ಹಾರಿತು.

ಹಾಗಾದರೆ ಭಯ ಯಾಕೆ? ಈಗ ನಾನು ಹೇಳಿದ್ದು ಎಳೆತದ ಲೆಕ್ಕ ಮಾತ್ರ. ಅದೂ ಎಳೆಯ ಉದ್ದಕ್ಕೆ.

ಬಿದಿರನ್ನು ನೋಡಿ. ತುದಿಗೆ ಮಚ್ಚಿಟ್ಟು ಒಂದೇಟು ಹಾಕಿದರೆ ಉದ್ದಕ್ಕೆ ಸರ್ರನೆ ಸೀಳುತ್ತದೆ. ಅಡ್ಡಡ್ಡ ಕಡಿಯಲು ಹೋಗಿ, ಬೆವರಿಳಿಯುತ್ತದೆ. ಕಾರ್ಬನ್ ಎಳೆಯದೂ ಇದೇ ಗುಣ. ಅದಕ್ಕೇ ಫ್ರೇಮ್ ಮಾಡುವವರು ಅಂಟಿನಲ್ಲಿ ನೆನೆದ ಹಾಳೆಗಳನ್ನು ನೂರಾರು ತುಂಡು ಕತ್ತರಿಸಿ, ಕೈಯಿಂದಲೇ ಒಂದರ ಮೇಲೊಂದು ಕೂರಿಸುತ್ತಾರೆ. ಒಂದು ಪದರ ಉದ್ದಕ್ಕೆ, ಇನ್ನೊಂದು 45 ಡಿಗ್ರಿ ಓರೆಗೆ, ಮತ್ತೊಂದು ಅಡ್ಡಕ್ಕೆ. ಪೆಡಲ್ ತುಳಿದಾಗ ಫ್ರೇಮ್ ತಿರುಚಿಕೊಳ್ಳುವ ಕಡೆ ಓರೆ ಪದರ ಜಾಸ್ತಿ. ಬಲ ಎಲ್ಲಿಂದ ಬರುತ್ತದೋ ಆ ಕಡೆಗೆ ಎಳೆ. ಒಂದು ಪದರ ಸುಕ್ಕಾದರೂ ಅಲ್ಲಿ ದುರ್ಬಲ. ಇಲ್ಲಿ ವಸ್ತುವಿನಷ್ಟೇ ಮುಖ್ಯ ಅದನ್ನು ಹಾಸಿದ ಕೈ. ಪ್ರಸಿದ್ಧ ಹೆಸರಿನ ಸ್ಟಿಕರ್ ಅಂಟಿಸಿಕೊಂಡು ಅಗ್ಗಕ್ಕೆ ಬರುವ ಫ್ರೇಮನ್ನು ನಾನು ಮುಟ್ಟದಿರುವುದು ಇದಕ್ಕೇ. ಐಎಸ್‌ಒ 4210 ಅನ್ನುವ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದಲ್ಲಿ ಫ್ರೇಮನ್ನು ಯಂತ್ರಕ್ಕೆ ಕಟ್ಟಿ ಒಂದು ಲಕ್ಷ ಸಲ ತುಳಿಸುತ್ತಾರೆ, 22.5 ಕೆಜಿ ತೂಕ ಎತ್ತಿ ಅದರ ಮೇಲೆ ಬೀಳಿಸುತ್ತಾರೆ. ಸ್ಟಿಕರ್‌ಗೆ ಅಂಥ ಪರೀಕ್ಷೆ ಇಲ್ಲ.

ಟೈಟನ್ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ. 2023ರಲ್ಲಿ ಟೈಟಾನಿಕ್ ನೋಡಲು ಹೋಗಿ ನೀರಿನಾಳದಲ್ಲಿ ಕುಸಿದ ಆ ಪುಟ್ಟ ಜಲಾಂತರ ನೌಕೆಯ ಗೋಡೆಯೂ ಕಾರ್ಬನ್ನೇ. ಆದರೆ ಅಲ್ಲಿ ಸಮುದ್ರ ಸುತ್ತಲಿನಿಂದ ಹಿಂಡುತ್ತಿತ್ತು. ಹಗ್ಗ ಹಿಡಿದು ಬಾವಿಯಿಂದ ಕೊಡ ಎಳೆಯಬಹುದು, ಅದೇ ಹಗ್ಗದಿಂದ ಕೊಡವನ್ನು ತಳ್ಳಲಾಗುವುದಿಲ್ಲ. ಒತ್ತಡದ ಕೆಳಗೆ ಎಳೆಯನ್ನು ನೆಟ್ಟಗೆ ನಿಲ್ಲಿಸಬೇಕಾದದ್ದು ಅಂಟು. ನಮ್ಮ ಸೈಕಲ್ಲಿಗೆ ಅಂಥ ಪಾಡಿಲ್ಲ.

ನಮ್ಮ ಪಾಡು ಬೇರೆ. ಕಬ್ಬಿಣ ಮೊದಲು ಬಾಗುತ್ತದೆ, "ನನ್ನ ಕೈಲಾಗ್ತಿಲ್ಲ" ಅಂತ ಹೇಳುತ್ತದೆ. ಕಾರ್ಬನ್ ಬಾಗುವುದಿಲ್ಲ. ತಡೆಯುತ್ತದೆ, ತಡೆಯುತ್ತದೆ, ಆಮೇಲೆ ಒಡೆಯುತ್ತದೆ. ಹಾಗಂತ ಮುರಿದದ್ದೆಲ್ಲ ಕಾರ್ಬನ್ ಅಲ್ಲ. 2006ರ ಪ್ಯಾರಿಸ್–ರೂಬೇ ಸೈಕಲ್ ರೇಸಿನಲ್ಲಿ ಅಮೆರಿಕದ ಸವಾರ ಜಾರ್ಜ್ ಹಿಂಕಾಪಿ ಕಲ್ಲುಹಾಸಿನ ಮೇಲೆ ಓಡಿಸುತ್ತಿದ್ದಾಗ ಹ್ಯಾಂಡಲ್ ಕಿತ್ತು ಕೈಗೇ ಬಂತು. ಬಿದ್ದು ಭುಜ ಪೆಟ್ಟಾಯಿತು. ನೋಡಿದವರಿಗೆ ಕಾರ್ಬನ್ನೇ ಕೈಕೊಟ್ಟಿತು ಅನ್ನಿಸಬಹುದು. ಮುರಿದಿದ್ದು ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಹ್ಯಾಂಡಲ್ಲಿಗೆ ಸೇರಿಸುವ ಅಲ್ಯೂಮಿನಿಯಂ ಕೊಳವೆ. ಅದೇ ರೇಸಿನಲ್ಲಿ ಅವರು ಮೊದಲೇ ಒಮ್ಮೆ ಬಿದ್ದಿದ್ದರು.

ನಾನು ಬೀಳಲೂ ಇಲ್ಲ, ನನ್ನ ಸೈಕಲ್ ಮಾತ್ರ ಬಿತ್ತು. ದೇವನಹಳ್ಳಿ ದಾಟಿ ಒಂದು ಟೀ ಅಂಗಡಿ. ಸೈಕಲ್ಲನ್ನು ಗೋಡೆಗೆ ಒರಗಿಸಿ ಗ್ಲಾಸ್ ಕೈಗೆ ತಗೊಂಡೆ. ಗಾಳಿಯೋ ನಾಯಿಯೋ, ಸೈಕಲ್ ಜಾರಿ ಕಲ್ಲಿನ ಅಂಚಿಗೆ ಮೇಲಿನ ಪೈಪು ಬಡಿಯಿತು. ಬರೀ ಅರ್ಧ ಮೀಟರ್ ಎತ್ತರದಿಂದ. ಪಕ್ಕದಿಂದ ಚೂಪಾದ ಕಲ್ಲಿನ ಏಟು ಬೀಳುತ್ತದೆ ಅಂತ ಎಳೆ ಹಾಸಿದವರು ಲೆಕ್ಕ ಹಾಕಿರಲಿಲ್ಲ. ಹೊರಗೆ ಉಗುರಿನಷ್ಟು ಗೀರು. ಒರೆಸಿ, ಹತ್ತಿ, ಮನೆಗೆ ಬಂದೆ.

ರಾತ್ರಿ ನಿದ್ದೆ ಬರಲಿಲ್ಲ. ಎದ್ದು, ಎರಡು ರೂಪಾಯಿ ನಾಣ್ಯ ತಗೊಂಡು ಪೈಪಿನ ಉದ್ದಕ್ಕೂ ತಟ್ಟುತ್ತಾ ಹೋದೆ. ಟಕ್, ಟಕ್, ಟಕ್. ಗೀರಿನ ಹತ್ತಿರ ಡಬ್. ಮತ್ತೆ ಈ ಕಡೆ ಟಕ್. ಪದರಗಳು ಬಿಟ್ಟುಕೊಂಡಿದ್ದರೆ ಹೀಗೇ ಸದ್ದು ಸತ್ತುಹೋಗುತ್ತದೆ. ನಾಣ್ಯಕ್ಕೆ ಎಲ್ಲವೂ ಗೊತ್ತಾಗುವುದಿಲ್ಲ. ಪೈಪು ದಪ್ಪವಾಗುವ ಜಾಗದಲ್ಲಿ, ಕೀಲುಗಳ ಹತ್ತಿರ, ಸದ್ದು ತಾನಾಗಿಯೇ ಬದಲಾಗುತ್ತದೆ. ಅಂಥ ಕಡೆ ಎಡಕ್ಕೂ ಬಲಕ್ಕೂ ಹೋಲಿಸಿ ನೋಡಬೇಕು. ಅನುಮಾನ ಬಂದರೆ ಅಲ್ಟ್ರಾಸೌಂಡ್. ಆಸ್ಪತ್ರೆಯಲ್ಲಿ ಹೊಟ್ಟೆಗೆ ಮಾಡುತ್ತಾರಲ್ಲ, ಅದೇ ಉಪಾಯ. ನಾನೂ ಮಾಡಿಸಿದೆ. ಒಳಗಿನ ಬಿರುಕು ಹೆಬ್ಬೆರಳಿನಷ್ಟು ಉದ್ದ ಇತ್ತು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಕಲ್ಲಿಗಿಂತ ಜಾಸ್ತಿ ಫ್ರೇಮುಗಳನ್ನು ಕೊಲ್ಲುವುದು ಬೋಲ್ಟ್ ಬಿಗಿಯುವ ನಮ್ಮ ಅಲೆನ್ ಕೀ ಅಂತ ನನ್ನ ಅನುಮಾನ. ಸೀಟಿನ ಕಂಬಿಯ ಕ್ಲ್ಯಾಂಪಿನ ಮೇಲೆ 5 ಎನ್ಎಂ ಅಂತ ಚಿಕ್ಕದಾಗಿ ಬರೆದಿರುತ್ತಾರೆ, ಅಂದರೆ ಐದು ನ್ಯೂಟನ್ ಮೀಟರ್, ಇಷ್ಟೇ ಬಿಗಿ ಅಂತ. ನಾವು "ಇನ್ನೊಂದು ಸುತ್ತು ಇರಲಿ" ಅಂತ ಬಿಗಿಯುತ್ತೇವೆ. ಆ ಇನ್ನೊಂದು ಸುತ್ತೇ ಪೈಪನ್ನು ಅಡ್ಡಕ್ಕೆ ಹಿಸುಕುವುದು. ಬಿಗಿತ ಅಳೆದು ತೋರಿಸುವ ಟಾರ್ಕ್ ವ್ರೆಂಚ್ ತಗೊಳ್ಳಿ. ಕಂಬಿ ಜಾರುತ್ತಿದ್ದರೆ ಮರಳು ಮರಳಾದ ಕಾರ್ಬನ್ ಪೇಸ್ಟ್ ಸವರಿ, ಕಡಿಮೆ ಬಿಗಿತಕ್ಕೇ ನಿಲ್ಲುತ್ತದೆ.

ನನ್ನ ಸೈಕಲ್ ಈಗಲೂ ಓಡುತ್ತಿದೆ. ಹಾಳಾದ ಭಾಗ ಕತ್ತರಿಸಿ ತೆಗೆದು, ಸುತ್ತ ಉಜ್ಜಿ, ಹೊಸ ಪದರ ಕಟ್ಟಿದರು. ಆ ಕತ್ತರಿಸಿದ ತುಂಡು ಈ ಮೇಜಿನ ಮೇಲಿದೆ. ಪಕ್ಕದಲ್ಲಿ ಏಟು ಬೀಳದ ಇನ್ನೊಂದು ತುಂಡು. ಎರಡಕ್ಕೂ ಒಂದೇ ಬಣ್ಣ ಬಳಿದಿದ್ದೇನೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಅಪ್ಪನ ಕೈಗೂ ಕೊಟ್ಟಿದ್ದೆ. ಅವರು ನಾಣ್ಯ ಬೇಡ ಅಂದರು. ಸಂತೆಯಲ್ಲಿ ಹಲಸಿನ ಹಣ್ಣು ತಟ್ಟುವ ಹಾಗೆ ಬೆರಳಲ್ಲೇ ತಟ್ಟಿ, ಕಿವಿಯ ಹತ್ತಿರ ಹಿಡಿದು, ಎರಡನೇ ಏಟಿಗೇ "ಇದು ಹೋಗಿದೆ" ಅಂದರು.

ನಿಮಗೆ ನಾಣ್ಯ ಇಟ್ಟಿದ್ದೇನೆ. ಒಬ್ಬೊಬ್ಬರಾಗಿ ಬನ್ನಿ.