ರಿಪೋರ್ಟ್ ಯಾವಾಗ ಬರ್ತದೆ?

ನಮಸ್ಕಾರ. ಬೀಡಿ ಕಟ್ತಾ ರೇಡಿಯೋ ಕೇಳುವವರು, ಮಲ್ಪೆಯಲ್ಲಿ ಬಲೆ ಸರಿ ಮಾಡ್ತಾ ಕೂತವರು, ಇವತ್ತು ನಿಮ್ಮ ಹತ್ರವೇ ಮಾತು. ಸಂಶೋಧನೆ ಅಂದ ಕೂಡ್ಲೆ ಸ್ಟೇಷನ್ ಬದಲಿಸ್ಬೇಡಿ ಮಾರಾಯ್ರೆ. ಮಂಗಳೂರು, ಮಣಿಪಾಲ ಕಡೆ ಮೆಡಿಕಲ್ ಕಾಲೇಜು ಎಷ್ಟುಂಟು ನೋಡಿ, ಒಂದಲ್ಲ ಒಂದು ದಿನ ಸಂಶೋಧನೆಗೆ ಒಪ್ಪಿಗೆ ಕೇಳುವ ಫಾರ್ಮ್ ಹಿಡ್ಕೊಂಡು ಯಾರಾದ್ರೂ ನಿಮ್ಮ ಜಗಲಿಗೂ ಬರ್ತಾರೆ. ಆಗ ನೆನಪಿರ್ಲಿ, ಅರ್ಥ ಆಗದೆ ಸಹಿ ಹಾಕ್ಬೇಡಿ.

ನಾನೂ ಹಾಗೆ ಫಾರ್ಮ್ ಹಿಡ್ಕೊಂಡು ಹೋದವನೇ. ಉಡುಪಿ ಹತ್ರ ಒಂದು ಮನೆ, ಅಮ್ಮ ತೊಡೆ ಮೇಲೆ ಮೊರ ಇಟ್ಕೊಂಡು ಬೀಡಿ ಕಟ್ತಾ ಇದ್ರು. ಮೂರು ಪುಟದ ಫಾರ್ಮ್ ಕೊಟ್ಟೆ. ಕನ್ನಡವೇ, ಆದ್ರೆ ಎಂತ ಕನ್ನಡ, ‘ಸದರಿ ಅಧ್ಯಯನದಲ್ಲಿ ಸ್ವಇಚ್ಛೆಯಿಂದ’ ಅಂತೆಲ್ಲ, ಅವರ ಮನೆಮಾತು ತುಳು. ‘ಡಾಕ್ಟ್ರು ಹೇಳಿದ ಮೇಲೆ ಓದುದು ಎಂತಕ್ಕೆ’ ಅಂತ ಕೈ ತೊಳ್ಕೊಂಡು ಬಂದು ಸಹಿ ಹಾಕಿದ್ರು, ಉಗುರಿನ ಸಂದಿಯ ಹೊಗೆಸೊಪ್ಪಿನ ಪುಡಿ ಪೂರ್ತಿ ಹೋಗಿರ್ಲಿಲ್ಲ, ಸಹಿ ಪಕ್ಕದಲ್ಲಿ ಕಂದು ಕಲೆ ಬಿತ್ತು. ರಕ್ತ ತೆಗ್ದೆ, ಮಜ್ಜಿಗೆ ಕುಡ್ದೆ, ಕೆಲಸ ಸಲೀಸಾಯ್ತು ಅಂತ ಖುಷಿಯಲ್ಲಿ ಬಂದೆ.

ಮೂರು ತಿಂಗಳು ಕಳೆದು ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ರು. ‘ಡಾಕ್ಟ್ರೇ, ಎನ್ನ ರಿಪೋರ್ಟ್ ಏಪ ಬರ್ಪುಂಡು?’ ನನ್ನ ರಿಪೋರ್ಟ್ ಯಾವಾಗ ಬರ್ತದೆ ಅಂತ. ನನಗೆ ನಾಲಿಗೆ ಹೊರಳ್ಲಿಲ್ಲ. ಅವರ ರಕ್ತಕ್ಕೆ ನಮ್ಮ ಫ್ರಿಜ್ಜಲ್ಲಿ ಒಂದು ನಂಬರ್ ಇತ್ತು ಅಷ್ಟೇ, ಅವರಿಗೆ ಅಂತ ರಿಪೋರ್ಟೇ ಇರ್ಲಿಲ್ಲ, ಹಾಗಂತ ಫಾರ್ಮಿನ ಎರಡನೇ ಪುಟದಲ್ಲಿ ಬರ್ದಿತ್ತು! ಏನಾದ್ರೂ ಇದ್ರೆ ಡಾಕ್ಟ್ರೇ ಫೋನ್ ಮಾಡ್ತಾರೆ ಅಂತ ಅವ್ರು ಸುಸ್ತಿಗೆ ಬೇರೆ ಕಡೆ ತೋರಿಸ್ಲೂ ಇಲ್ಲ. ಅವತ್ತೇ ಕರ್ಕೊಂಡು ಹೋಗಿ ಟೆಸ್ಟ್ ಮಾಡಿಸಿದ್ರೆ ಹಿಮೋಗ್ಲೋಬಿನ್ 7, ಅಂದ್ರೆ ರಕ್ತ ತುಂಬಾ ಕಡಿಮೆ.

ಸಹಿ ಇತ್ತು, ಒಪ್ಪಿಗೆ ಇರ್ಲಿಲ್ಲ. ಗೊತ್ತಾಯ್ತಲ್ಲ ವ್ಯತ್ಯಾಸ?

ಅಮೆರಿಕದಲ್ಲಿ ಟಸ್ಕೀಗಿ ಅಂತ ಊರುಂಟು. ಅಲ್ಲಿ 1932ರಲ್ಲಿ ಸಿಫಿಲಿಸ್ ಅನ್ನುವ ಲೈಂಗಿಕ ರೋಗ ಇದ್ದ ಸುಮಾರು 400 ಬಡ ಕಪ್ಪು ಗಂಡಸರಿಗೆ ‘ನಿಮ್ಮ ರಕ್ತ ಕೆಟ್ಟಿದೆ, ಫ್ರೀ ಚಿಕಿತ್ಸೆ ಕೊಡ್ತೇವೆ’ ಅಂದ್ರು, ಮಾಡಿದ್ದು ಮಾತ್ರ ರೋಗ ಹೇಗೆ ಬೆಳೀತದೆ ಅಂತ ನೋಡ್ತಾ ಕೂತದ್ದು. 1947ರಲ್ಲೇ, ಕೈದಿಗಳ ಮೇಲೆ ಪ್ರಯೋಗ ಮಾಡಿದ ನಾಜಿ ಡಾಕ್ಟ್ರ ವಿಚಾರಣೆ ಮುಗಿಸಿ ಜರ್ಮನಿಯ ನ್ಯೂರೆಂಬರ್ಗಲ್ಲಿ ಮೊದಲ ನಿಯಮ ಬರೆದಾಗಿತ್ತು, ಮನುಷ್ಯನ ಸ್ವಂತ ಒಪ್ಪಿಗೆ ಬೇಕೇ ಬೇಕು ಅಂತ. ಅಷ್ಟರಲ್ಲಿ ಸಿಫಿಲಿಸ್ ಗುಣ ಮಾಡುವ ಪೆನ್ಸಿಲಿನ್ನೂ ಬಂದಿತ್ತು. ಆದ್ರೂ ಟಸ್ಕೀಗಿಯವರಿಗೆ ಕೊಡ್ಲಿಲ್ಲ. ನಿಂತದ್ದು 1972ರಲ್ಲಿ, ಅದೂ ಪೇಪರಲ್ಲಿ ಬಂದ ಮೇಲೆ. 40 ವರ್ಷ!

ನಮ್ಮಲ್ಲಿ 2019ರ ನಿಯಮ ಉಂಟು, ಹೊಸ ಔಷಧದ ಪ್ರಯೋಗಕ್ಕೆ ಎಥಿಕ್ಸ್ ಕಮಿಟಿ, ಅಂದ್ರೆ ಪ್ರಯೋಗ ನ್ಯಾಯವಾಗಿದೆಯಾ ಅಂತ ನೋಡುವ ಸಮಿತಿ, ಒಪ್ಪಬೇಕು, ಅದರಲ್ಲಿ ಕನಿಷ್ಠ 7 ಜನ, ಡಾಕ್ಟ್ರಲ್ಲದ ಸಾಮಾನ್ಯರೂ ಒಬ್ರು ಇರ್ಬೇಕು. ಪ್ರಯೋಗದಿಂದ ತೊಂದರೆ ಆದ್ರೆ ಪರಿಹಾರ ಕೊಡ್ಬೇಕು. ಅದರ ಬಗ್ಗೆ ವಿವರವಾಗಿ ಹೇಳ್ಬೇಕಿತ್ತು, ಸ್ಟುಡಿಯೋ ಗಾಜಿನ ಆಚೆಯಿಂದ ಟೈಮಾಯ್ತು ಅಂತ ಕೈ ತೋರಿಸ್ತಾ ಇದ್ದಾರೆ, ಬೀಡಿ ಅಮ್ಮನ ಕಥೆ ಉದ್ದ ಆಯ್ತು.

ಬೇಗ ಹೇಳ್ತೇನೆ. ಓದ್ಲಿಕ್ಕೆ ಬಾರದಿದ್ರೆ ಸಂಶೋಧನೆ ಮಾಡುವವರ ಕಡೆಯವರಲ್ಲದ ಸಾಕ್ಷಿ ಕೇಳಿ. ತುಳುವಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಹೇಳ್ಲಿಕ್ಕೆ ಹೇಳಿ. ಬೇಡ ಅನ್ನಿಸಿದ್ರೆ ಅರ್ಧದಲ್ಲೂ ಬಿಡಬಹುದು, ಅದಕ್ಕೆ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಅರ್ಥ ಆಗದೆ ಸಹಿ ಹಾಕ್ಬೇಡಿ. ಹಾಕಿದ್ರೆ ಫಾರ್ಮಿನ ಒಂದು ಕಾಪಿ ನಿಮ್ದು, ಕೇಳಿ ತಗೊಂಡು ರೇಷನ್ ಕಾರ್ಡಿನ ಜೊತೆ ಇಟ್ಕೊಳ್ಳಿ. ನಮಸ್ಕಾರ.